ಓವನ್ ಕೊಳ್ಳಲು ಮೈಕ್ರೋಲೋನ್ (ವ್ಯಾಪಾರಕ್ಕೆ ಸಣ್ಣ ಸಾಲ) ಬೇಕು. ಅಮೆರಿಕದಲ್ಲಿ ಯಾವ ಬ್ಯಾಂಕ್ ಕಡಿಮೆ ಬಡ್ಡಿಗೆ ಕೊಡುತ್ತದೆ?

ಇಲ್ಲಿ ಕಸೂತಿ ಕೆಲಸ ಶುರು ಮಾಡುವಾಗ ನಾನೂ ಇದನ್ನೇ ಕೇಳುತ್ತಾ ಬ್ಯಾಂಕಿಂದ ಬ್ಯಾಂಕಿಗೆ ಅಲೆದಿದ್ದೆ. 10,000 ಡಾಲರ್ ಸಾಲ ಅಂದರೆ ಸಾಕು, ಕ್ರೆಡಿಟ್ ಕಾರ್ಡ್ ಅರ್ಜಿ ಮುಂದಿಡುತ್ತಿದ್ದರು. ಹತ್ತು ಸಾವಿರದ ಸಾಲಕ್ಕೂ ಹತ್ತು ಲಕ್ಷದ ಸಾಲಕ್ಕೂ ಅವರು ಕಾಗದಪತ್ರ ನೋಡುವ ಕೆಲಸ ಹೆಚ್ಚುಕಡಿಮೆ ಒಂದೇ. ಸಣ್ಣ ಸಾಲದಲ್ಲಿ ಅವರಿಗೆ ಗಿಟ್ಟುವುದಿಲ್ಲ.

ಹಾಗಾಗಿ ಬ್ಯಾಂಕ್ ಹುಡುಕುವುದನ್ನೇ ಬಿಡಿ. ಸಣ್ಣ ವ್ಯಾಪಾರಗಳಿಗಾಗಿ ಇರುವ ಫೆಡರಲ್ ಸಂಸ್ಥೆ ಎಸ್‌ಬಿಎ ಒಂದು ಮೈಕ್ರೋಲೋನ್ ಯೋಜನೆ ನಡೆಸುತ್ತದೆ. ಅದು ನಮಗೆ ನೇರವಾಗಿ ಕೊಡುವುದಿಲ್ಲ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಕೊಡುತ್ತದೆ, ಅವು ನಮಗೆ ಕೊಡುತ್ತವೆ. ಗರಿಷ್ಠ 50,000 ಡಾಲರ್, ಬಡ್ಡಿ ಸಾಮಾನ್ಯವಾಗಿ ಶೇ. 8ರಿಂದ 13. ಏನಾದರೂ ಅಡಮಾನ ಮತ್ತು ಮಾಲೀಕರ ಸ್ವಂತ ಗ್ಯಾರಂಟಿ ಹೆಚ್ಚಾಗಿ ಕೇಳುತ್ತಾರೆ.

ನನಗೆ ಪೆಟ್ಟು ಕೊಟ್ಟಿದ್ದು ಬಡ್ಡಿ ಅಲ್ಲ. ಇಂಥ ಒಂದು ಸಂಸ್ಥೆಯಲ್ಲಿ ನನ್ನ ಅರ್ಜಿ ಇನ್ನೂ ಓಡುತ್ತಿರುವಾಗಲೇ ಕಸೂತಿ ಮೆಷಿನ್‌ಗೆ ರಿಯಾಯಿತಿ ಬಂತು. ಹೇಗೂ ಸಾಲ ಬರುತ್ತೆ ಅಲ್ವಾ, ಬಂದ ಕೂಡಲೇ ತೀರಿಸಿಬಿಡೋಣ ಅಂತ ಕಾರ್ಡಲ್ಲಿ ತಗೊಂಡುಬಿಟ್ಟೆ. ಹಣ ಯಾವುದಕ್ಕೆ ಅನ್ನುವ ಜಾಗದಲ್ಲಿ 'ಮೆಷಿನ್, ಕಾರ್ಡ್ ಬಾಕಿ' ಅಂತ ಬರೆದೆ. ಅಧಿಕಾರಿಯ ಪೆನ್ನು ಅಲ್ಲೇ ನಿಂತಿತು. ಈ ಯೋಜನೆಯ ಹಣದಲ್ಲಿ ಹಳೆ ಸಾಲ ತೀರಿಸುವ ಹಾಗಿಲ್ಲ. ಅದೇ ಮೆಷಿನ್‌ಗೆ ಕೊಟೇಷನ್ ತಂದಿದ್ದರೆ ದುಡ್ಡು ಕೇಳಬಹುದಿತ್ತು. ಬಿಲ್ ತಂದ ಮೇಲೆ ಅವರ ಲೆಕ್ಕದಲ್ಲಿ ಅದು ಮೆಷಿನ್ ಅಲ್ಲ, ಸಾಲ. ಅಷ್ಟಕ್ಕೇ ಮುಗಿಯಲಿಲ್ಲ. ಕಾರ್ಡಿನ ಬಾಕಿ ಏರಿದ್ದಕ್ಕೆ ನನ್ನ ಕ್ರೆಡಿಟ್ ಸ್ಕೋರ್ ಇಳಿಯಿತು. ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತೆ ಅಂತ ಅವರು ನೋಡುವ ಲೆಕ್ಕದಲ್ಲಿ ಕಾರ್ಡಿನ ಕಂತೂ ಬಂದು ಕೂತಿತು. ಕೊನೆಗೆ ದಾರ, ಬಟ್ಟೆಗೆ ಮಾತ್ರ ಸಣ್ಣ ಸಾಲ ಸಿಕ್ಕಿತು. ಮೆಷಿನ್‌ನ ದುಡ್ಡಿಗೆ ಶೇ. 20ಕ್ಕಿಂತ ಜಾಸ್ತಿ ಕಾರ್ಡ್ ಬಡ್ಡಿ ಕಟ್ಟುತ್ತಾ ಹೋದೆ.

ಶೇ. 1 ಬಡ್ಡಿಗಾಗಿ ಸುಮ್ನೆ ಗುದ್ದಾಡಬೇಡಿ. 10,000 ಡಾಲರ್ ಸಾಲ, 3 ವರ್ಷದ ಅವಧಿ ಅಂದುಕೊಳ್ಳಿ. ಶೇ. 12ಕ್ಕೆ ತಿಂಗಳ ಕಂತು ಸುಮಾರು 332 ಡಾಲರ್, ಶೇ. 11ಕ್ಕೆ 327. ಉಳಿಯುವುದು 5 ಡಾಲರ್ ಅಷ್ಟೇ. ಅದೇ ಶೇ. 12ಕ್ಕೆ 5 ವರ್ಷ ಕೇಳಿದರೆ ಕಂತು ಸುಮಾರು 222ಕ್ಕೆ ಇಳಿಯುತ್ತದೆ. ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ, ನಿಜ. ಆದರೆ ವ್ಯಾಪಾರ ಇಲ್ಲದ ತಿಂಗಳಲ್ಲಿ ಕಂತು ತಪ್ಪುವುದು ಅದಕ್ಕಿಂತ ಕೆಟ್ಟದ್ದು. ನಾನಾದರೆ ಅವಧಿಗೇ ಚೌಕಾಸಿ ಮಾಡುತ್ತೇನೆ. ಅವಧಿಗೆ ಮುಂಚೆ ತೀರಿಸಿದರೆ ದಂಡ ಇದೆಯಾ ಅಂತಲೂ ಕೇಳಿಕೊಳ್ಳಿ.

ಓವನ್‌ಗೆ ಈಗ ಕೊಟೇಷನ್ ಮಾತ್ರ ಬರೆಸಿಕೊಳ್ಳಿ. ಸಾಲದ ದುಡ್ಡು ಬರುವ ತನಕ ಅಡ್ವಾನ್ಸ್ ಕೂಡ ಕಾರ್ಡಲ್ಲಿ ಕೊಡಬೇಡಿ.