ಮನೆಗೆ ಹೋದ್ಮೇಲೆ ಹೇಳೋಕೆ ಏನೂ ಇರಲ್ಲ

ನಾನು ಆಪ್ತಸಮಾಲೋಚಕಿ. ಅಮ್ಮ ಮಗುವಿನ ಶಾಲೆಯಲ್ಲೇ ಸೇವೆಗೆ ನಿಂತು, ಮಗು ನನ್ನ ಹತ್ತಿರ ಬಂದದ್ದು ಈ ವರ್ಷ ಇದು ನಾಲ್ಕನೆಯ ಮನೆ. ಅದಕ್ಕೇ ಬರೆಯುತ್ತಿದ್ದೇನೆ. ಊರು, ಮನೆಯ ವಿವರ ಬದಲಿಸಿದ್ದೇನೆ. ತಾಯಿ, ಮಗ ಇಬ್ಬರನ್ನೂ ಕೇಳಿ, ಅವರು ಹೂಂ ಅಂದ ಮೇಲೆ ಬರೆದದ್ದು.

ಹುಡುಗ ಆರನೇ ಕ್ಲಾಸು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಬೆಳಿಗ್ಗೆ ಎಂಟೂವರೆ ಆದರೆ ಸಾಕು, ಹೊಟ್ಟೆನೋವು. ಭಾನುವಾರ ಇಲ್ಲ. ದಸರಾ ರಜೆಯಲ್ಲೂ ಇರಲಿಲ್ಲ. ಡಾಕ್ಟರು ಜಂತುಹುಳದ ಮಾತ್ರೆ ಕೊಟ್ಟು, ಸ್ಕ್ಯಾನ್ ಮಾಡಿಸಿ, ಕೊನೆಗೆ ನನ್ನ ಹತ್ತಿರ ಕಳಿಸಿದ್ದರು. ಅಪ್ಪ ಲಾರಿ ಡ್ರೈವರ್, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಅಮ್ಮ ಆ ಶಾಲೆಯ ಪಾಲಕರ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷೆ.

ಅಪ್ಪ ಕುರ್ಚಿಯಲ್ಲಿ ಕೂತ ತಕ್ಷಣ ಹೇಳಿದರು: "ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ. ಇಡೀ ದಿನ ಸ್ಕೂಲಲ್ಲೇ ಇರ್ತಾಳೆ. ನಾನು ಹೇಳಿದ್ರೆ ಕೇಳಲ್ಲ, ನೀವು ಹೇಳಿದ್ರೆ ಕೇಳ್ತಾಳೆ."

ತಮ್ಮ ಮಾತನ್ನು ನನ್ನ ಬಾಯಿಂದ ಹೇಳಿಸಲು ಬರುವ ಗಂಡಂದಿರು ನನಗೆ ಹೊಸಬರಲ್ಲ. ಅಂಥ ಹೊತ್ತಲ್ಲಿ ನಾನು ಬೇಕೆಂದೇ ಸ್ವಲ್ಪ ಕಿವುಡಿಯಾಗುತ್ತೇನೆ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಮ್ಮ ರಾಜ್ಯದಲ್ಲಿ 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಇಡೀ ದೇಶಕ್ಕೆ ಕಾನೂನಾಯಿತು. ಪುಸ್ತಕದಲ್ಲಿ ಹೆಂಡತಿಯ ಸಹಿ, ಸಭೆಯಲ್ಲಿ ಗಂಡನ ದನಿ ಅನ್ನುವ ಸಮಿತಿಗಳನ್ನು ನಾನೂ ಕಂಡಿದ್ದೇನೆ. ಈಕೆ ಹಾಗಲ್ಲ. ಬೆಳಿಗ್ಗೆ ಹಾಲು ಕಾಯುವ ಮೊದಲೇ ಶಾಲೆಯಲ್ಲಿರುತ್ತಾರೆ. ಅಕ್ಕಿ ಮೂಟೆ ಎಣಿಸುತ್ತಾರೆ. ಎರಡು ದಿನ ಬಾರದ ಮಗುವಿನ ಮನೆಗೆ ತಾವೇ ಹೋಗಿ ಕರೆತರುತ್ತಾರೆ. ಅತಿಥಿ ಶಿಕ್ಷಕರು ಬಾರದ ದಿನ ಕ್ಲಾಸಿನ ಗಲಾಟೆ ನೋಡಿಕೊಳ್ಳುತ್ತಾರೆ. ಒಂದು ಪೈಸೆ ಸಂಬಳ ಇಲ್ಲ. ಇಂಥವರು ಇರುವುದರಿಂದಲೇ ಎಷ್ಟೋ ಶಾಲೆ ಬಾಗಿಲು ತೆರೆದಿವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವುದನ್ನು ಯಾರೂ ಉಲ್ಟಾ ಓದಬಾರದು.

ಮೊದಲ ಎರಡು ಭೇಟಿಯಲ್ಲಿ ನಾನು ಮೊಟ್ಟೆಯ ಹಿಂದೆ ಬಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಬಾಳೆಹಣ್ಣು. ಹಂಚುವಾಗ ಈ ತಾಯಿ ಸಾಲಿನ ಪಕ್ಕ ನಿಲ್ಲುತ್ತಿದ್ದರು. ಮಗನನ್ನು ಯಾವಾಗಲೂ ಸಾಲಿನ ಕೊನೆಗೆ ಕಳಿಸುತ್ತಿದ್ದರು. ಒಡೆದ ಮೊಟ್ಟೆ ಇದ್ದರೆ ಅದು ಅವನಿಗೆ. "ಅಧ್ಯಕ್ಷರ ಮಗ ಅಂತ ಯಾರೂ ಬೊಟ್ಟು ಮಾಡಬಾರದಲ್ವಾ ಮೇಡಂ?" ಅಂದಿದ್ದರು. ಸೇವೆ ಅಮ್ಮನದು, ಅದರ ದಂಡ ಮಗನದು. ನನಗೆ ಉತ್ತರ ಸಿಕ್ಕಿಬಿಟ್ಟಿತು ಅಂದುಕೊಂಡೆ.

ಮೂರನೆಯ ಭೇಟಿಯಲ್ಲಿ ಹುಡುಗ ಒಬ್ಬನೇ ನನ್ನ ಮುಂದೆ ಕೂತಿದ್ದ. ಮಕ್ಕಳ ಜೊತೆ ನಾನು ಚೌಕಾಬಾರ ಆಡುತ್ತೇನೆ. ಕವಡೆ ಕೈಯಲ್ಲಿದ್ದರೆ ಬಾಯಿ ಸಡಿಲವಾಗುತ್ತದೆ. ನನ್ನ ಜಾಣತನ ತೋರಿಸಲು ಮತ್ತೆ ಮೊಟ್ಟೆಯ ಮಾತು ತೆಗೆದೆ.

"ಮೊಟ್ಟೆ ವಿಷ್ಯ ಬಿಡಿ ಮೇಡಂ. ಅದೇನೂ ಪರವಾಗಿಲ್ಲ."

"ಮತ್ತೆ?"

ಕವಡೆ ಹಾಕಿದ. ಚೌಕ ಬಿತ್ತು. ಕಾಯಿ ನಡೆಸಿ ಇನ್ನೊಂದು ಸಲ ಹಾಕಿದ. ತಲೆ ಎತ್ತದೆಯೇ ಹೇಳಿದ.

"ಎಲ್ರೂ ಮನೆಗೆ ಹೋಗಿ ಅವರಮ್ಮಂಗೆ ಇವತ್ತು ಸ್ಕೂಲಲ್ಲಿ ಏನಾಯ್ತು ಅಂತ ಹೇಳ್ತಾರೆ. ನನಗೆ ಮನೆಗೆ ಹೋದ್ಮೇಲೆ ಹೇಳೋಕೆ ಏನೂ ಇರಲ್ಲ. ಅಮ್ಮಂಗೆ ಎಲ್ಲಾ ಗೊತ್ತಿರುತ್ತೆ."

ನಾನು ಸುಮ್ಮನಿದ್ದೆ.

"ಬೈಸ್ಕೊಂಡಿದ್ದೂ ಗೊತ್ತಿರುತ್ತೆ. ಶಭಾಷ್ ಅಂದಿದ್ದೂ ಗೊತ್ತಿರುತ್ತೆ. ಗಣಿತದ ಮೇಷ್ಟ್ರು ಅಲ್ಲೇ ವರಾಂಡದಲ್ಲೇ ಹೇಳಿಬಿಡ್ತಾರೆ."

ಆ ಆಟ ನಾನು ಸೋತೆ. ಎರಡು ದಿನ ಆ ಮಾತು ತಲೆಯಿಂದ ಹೋಗಲಿಲ್ಲ.

ಯೋಚಿಸಿ ನೋಡಿ. ನಾವು ಶಾಲೆಯಿಂದ ಮನೆಗೆ ನಡೆಯುತ್ತಿದ್ದಾಗ ಏನು ಮಾಡುತ್ತಿದ್ದೆವು? ಯಾವುದನ್ನು ಹೇಳಬೇಕು, ಯಾವುದನ್ನು ನುಂಗಬೇಕು, ಯಾವುದಕ್ಕೆ ಸ್ವಲ್ಪ ಒಗ್ಗರಣೆ ಹಾಕಬೇಕು ಅಂತ ಲೆಕ್ಕ ಹಾಕುತ್ತಿದ್ದೆವು. ಬೈಸಿಕೊಂಡದ್ದನ್ನು ಮುಚ್ಚಿಡುವುದು, ಓಟದಲ್ಲಿ ಮೂರನೆಯವನಾಗಿ ಬಂದದ್ದನ್ನು ಎರಡನೆಯದು ಅನ್ನುವುದು, ಗೆಳೆಯನ ಜಗಳವನ್ನು ಅಮ್ಮನಿಗೆ ತಿಳಿಯದ ಹಾಗೆ ತಾನೇ ಬಗೆಹರಿಸುವುದು. ಮಗು ತನ್ನದೇ ಆದ ಒಂದು ಬದುಕು ಕಟ್ಟುವುದು ಅಲ್ಲೇ. ಶಾಲೆ ಅವನ ಮೊದಲ ಸ್ವಂತ ಜಾಗ. ಈ ಹುಡುಗನಿಗೆ ಆ ಜಾಗವೇ ಇರಲಿಲ್ಲ. ಅವನಿಗೆ ಇದ್ದದ್ದು ಎರಡು ಮನೆ.

ಇನ್ನು ನನ್ನ ತಪ್ಪು. ಅಮ್ಮನಿಗೆ ಹೇಳಲೇ ಅಂತ ಹುಡುಗನನ್ನು ಕೇಳಿದ್ದೆ. "ಹೇಳಿ, ಆದ್ರೆ ಅಳಿಸಬೇಡಿ" ಅಂದಿದ್ದ. ನಾನು ಆ ಮಾತನ್ನು ಹಾಗೇ ಹೇಳಿದೆ. ಆದರೆ ಗಂಡ ಪಕ್ಕದಲ್ಲಿ ಕೂತಿದ್ದಾಗ ಹೇಳಿದೆ. ಆತ ಹೆಂಡತಿಯ ಕಡೆ ತಿರುಗಿ "ನೋಡಿದ್ಯಾ?" ಅಂದರು. ಅಷ್ಟೇ. ಆಕೆ ಎದ್ದು ಹೊರಟರು. ಮೂರು ವಾರ ಬರಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಯಾರ ಮುಂದೆ ಯಾವ ಮಾತು ಅನ್ನುವುದನ್ನು ಮರೆತಿದ್ದೆ.

ಆಮೇಲೆ ಒಂದು ದಿನ ಒಬ್ಬರೇ ಬಂದರು. ನೀರು ಕೊಟ್ಟೆ. ಕುಡಿಯಲಿಲ್ಲ.

"ನಾನು ಏಳನೇ ಕ್ಲಾಸಿಗೇ ಬಿಟ್ಟೋಳು ಮೇಡಂ. ಮನೇಲಿ ಸೊಸೆ, ಬೀದೀಲಿ ಲಾರಿಯೋರ ಹೆಂಡ್ತಿ. ನನ್ನ ಹೆಸರು ಹಿಡಿದು, ಹಿಂದೆ 'ಅವರೇ' ಅಂತ ಸೇರ್ಸಿ ಕರೆಯೋದು ಹೆಡ್‌ಮಾಸ್ಟ್ರು ಒಬ್ರೇ. ಅದನ್ನೂ ಬಿಡು ಅಂತೀರಾ?"

ಇಲ್ಲ. ಬಿಡಿ ಅನ್ನಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಇದಕ್ಕೆ ಇನ್ನೂ ನನ್ನನ್ನು ಚುಚ್ಚುತ್ತಾರೆ: ನಿಮ್ಮ ಎದುರು ಬಂದದ್ದು ಮಗುವಿನ ಹೊಟ್ಟೆನೋವು, ನೀವು ನೋಡಿಕೊಂಡದ್ದು ಅಮ್ಮನನ್ನು ಅಂತ. ಇರಬಹುದು. ಆದರೆ ಮಗನಿಗಾಗಿ ಆಕೆಯನ್ನು ಅಡುಗೆಮನೆಗೆ ವಾಪಸ್ ಕಳಿಸಿದ್ದರೆ ಏನಾಗುತ್ತಿತ್ತು? ಅಮ್ಮನ ಸಂತೋಷ ತನ್ನಿಂದ ಹೋಯಿತು ಅನ್ನುವ ಭಾರ ಹನ್ನೊಂದು ವರ್ಷದ ಹುಡುಗನ ತಲೆಗೆ ಬೀಳುತ್ತಿತ್ತು. ಹೊಟ್ಟೆನೋವು ಹೋಗಿ ತಲೆನೋವು ಬರುತ್ತಿತ್ತು. ಅದೂ ಅಲ್ಲದೆ, ಗಂಡ ಹೇಳಿಕೊಟ್ಟದ್ದನ್ನೇ ನಾನು ಮುದ್ರೆ ಒತ್ತಿ ಕೊಟ್ಟ ಹಾಗಾಗುತ್ತಿತ್ತು. ಅದಕ್ಕೆ ನಾನು ತಯಾರಿರಲಿಲ್ಲ.

ನಾನು ಕೊಟ್ಟ ಸಲಹೆ ಚಿಕ್ಕದು. ಶಾಲೆ ಬಿಡಬೇಡಿ, ಮಗನ ಕ್ಲಾಸು ಬಿಡಿ. ಮೊಟ್ಟೆಯ ಸಾಲನ್ನೂ ಬಿಡಿ, ಅದನ್ನು ಸಮಿತಿಯ ಬೇರೆ ತಾಯಿ ನೋಡಿಕೊಳ್ಳಲಿ. ನಿಮಗೆ ನಲಿ-ಕಲಿ ಕೋಣೆ ಇದೆ, ಒಂದರಿಂದ ಮೂರನೇ ಕ್ಲಾಸಿನ ಪುಟಾಣಿಗಳಿಗೆ ಇನ್ನೊಂದು ಜೊತೆ ಕೈ ಯಾವಾಗಲೂ ಬೇಕು. ವರಾಂಡದಲ್ಲಿ ಮಗ ಎದುರು ಬಂದರೆ ಬೇರೆ ಮಕ್ಕಳನ್ನು ನೋಡಿದ ಹಾಗೆ ನೋಡಿ, ನಕ್ಕು ಮುಂದೆ ಹೋಗಿ. ಶಾಲೆಯಲ್ಲಿ ಕಂಡದ್ದನ್ನು ಮನೆಯಲ್ಲಿ ನೀವಾಗಿ ಎತ್ತಬೇಡಿ. ಯಾರಾದರೂ ಅವನಿಗೆ ಹೊಡೆದರೆ, ಅವನು ಹೆದರಿದ ಹಾಗೆ ಕಂಡರೆ ಆ ಮಾತೇ ಬೇರೆ, ಆಗ ಕೇಳಲೇಬೇಕು. ಉಳಿದದ್ದು ಅವನದು.

ಕಷ್ಟದ ಭಾಗ ಮೇಷ್ಟ್ರುಗಳದ್ದು. ಈ ಮಾತನ್ನು ನಾನು ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಹೇಳಿದೆ, ತಾಯಿಯ ಒಪ್ಪಿಗೆ ಪಡೆದು. ಬೇರೆ ಮಕ್ಕಳ ಅಪ್ಪ ಅಮ್ಮನಿಗೆ ಪಾಲಕರ ಸಭೆಯಲ್ಲಿ ಹೇಳುವುದನ್ನು ಈ ತಾಯಿಗೂ ಸಭೆಯಲ್ಲೇ ಹೇಳಿ. ಕೈಗೆ ಸಿಗುತ್ತಾರೆ ಅಂತ ದಿನಾ ವರದಿ ಒಪ್ಪಿಸಬೇಡಿ. ಹೆಡ್‌ಮಾಸ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನನ್ನ ಮಗಳೂ ಇದೇ ಸ್ಕೂಲಲ್ಲಿ ಓದಿದ್ದು ಮೇಡಂ" ಅಂದರು. ಮುಂದೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಉಳಿದ ಮೂರು ಮನೆಗಳು ನಗರದವು, ಖಾಸಗಿ ಶಾಲೆಯವು. ಅನುದಾನ ಪಡೆಯದ ಶಾಲೆಗಳಿಗೆ ಈ ಸಮಿತಿಯ ಕಾನೂನು ಅನ್ವಯಿಸುವುದಿಲ್ಲ, ಅಲ್ಲಿ ವಾಟ್ಸಾಪ್ ಗ್ರೂಪೇ ಸಮಿತಿ. ವಾರ್ಷಿಕೋತ್ಸವದ ಡ್ರೆಸ್ಸು, ಪಿಕ್ನಿಕ್ಕಿನ ಬಸ್ಸಿನಲ್ಲಿ ಮಕ್ಕಳ ಜೊತೆ ಹೋಗುವುದು, ಲೈಬ್ರರಿಯಲ್ಲಿ ಕಥೆ ಹೇಳುವುದು. ಕೆಲಸ ಬೇರೆ, ಮಕ್ಕಳ ಮುಖ ಒಂದೇ. ಮೂರರಲ್ಲೂ ಕೈಜೋಡಿಸಿದ್ದು ಅಮ್ಮಂದಿರೇ, ದೂರು ತಂದದ್ದು ಅಪ್ಪಂದಿರೇ. ಅಪ್ಪಂದಿರು ವರ್ಷಕ್ಕೆ ನಾಲ್ಕು ದಿನ ಶಾಲೆಯ ಬೆಂಚು ರಿಪೇರಿಗಾದರೂ ಹೋಗಿ ಬಂದು ಆಮೇಲೆ ನನ್ನ ಹತ್ತಿರ ಮಾತಾಡಲಿ ಅನ್ನಿಸುತ್ತದೆ. ಇದು ಸಲಹೆ ಅಲ್ಲ, ನನ್ನ ಸಿಟ್ಟು.

ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಗಣಿತದ ಟೆಸ್ಟ್ ಇರುವ ದಿನ ಬರುತ್ತದಂತೆ. ಅದನ್ನು ಹಾಗೇ ಬಿಡಿ ಅಂದಿದ್ದೇನೆ.

ತಾಯಿ ಕೊನೆಯ ಸಲ ಬಂದಾಗ ಊಟದ ಬೆಲ್ ಹೊಡೆದರೆ ಕಾಲು ಈಗಲೂ ಆ ಸಾಲಿನ ಕಡೆಗೇ ಎಳೆಯುತ್ತದೆ ಅಂದರು. ಸ್ವಲ್ಪ ಹೊತ್ತಾದ ಮೇಲೆ ನಕ್ಕರು.

"ಮೊನ್ನೆ ಸ್ಕೂಲಿಗೆ ಹಾವು ಬಂದಿತ್ತು ಮೇಡಂ, ಕೇರೆ ಹಾವು. ಸಂಜೆ ಬಂದು ಚೀಲ ಎಸೆದು, ಅಮ್ಮಾ, ಇಷ್ಟುದ್ದ ನಾಗರಹಾವು ಅಂತ ಎರಡೂ ಕೈ ಅಗಲಿಸಿ ತೋರಿಸಿದ. ನಾನೂ ಅಲ್ಲೇ ಇದ್ದೆ, ನಲಿ-ಕಲಿ ರೂಮಿನ ಕಿಟಕೀಲಿ ನೋಡಿದ್ದೆ. ಎರಡು ಮೊಳ ಇರಲಿಲ್ಲ."

"ನೀವೇನಂದ್ರಿ?"

"ಅಯ್ಯೋ ದೇವ್ರೆ, ಆಮೇಲೆ? ಅಂದೆ."