ಬಳ್ಳಾರಿಯ ಬೇಸಿಗೆ ಮದುವೆಗೆ ಸಿಗ್ನೇಚರ್ ಕಾಕ್‌ಟೇಲ್ ಆರಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ನಿಮ್ಮ ತಂಗಿಯ ಮದುವೆ, ಕಲ್ಯಾಣ ಮಂಟಪದ ಆರತಕ್ಷತೆ ಮುಗಿದ ಮರುದಿನ ತೋಟದ ಮನೆಯಲ್ಲಿ 150 ಜನ ಆಪ್ತರಿಗೆ ಬೇರೆಯೇ ಒಂದು ಸಂಜೆಯ ಕೂಟ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಂಗಿಗೆ ಅಲ್ಲಿ ಸಿಗ್ನೇಚರ್, ಅಂದರೆ ತಮ್ಮದೇ ಎನ್ನುವಂಥ ಕಾಕ್‌ಟೇಲ್ (ಮದ್ಯ ಬೆರೆಸಿ ಮಾಡುವ ಪಾನೀಯ) ಇರಬೇಕೆಂಬ ಆಸೆ, ಮೊಜಿತೊ, ನೆಗ್ರೋನಿ, ಓಲ್ಡ್ ಫ್ಯಾಷನ್ಡ್, ಮಾರ್ಗರಿಟಾ, ಜಿನ್ ಟಾನಿಕ್ ಎಂಬ ಐದರ ಪಟ್ಟಿ ಸಿದ್ಧವಾಗಿದೆ, ಬರುವವರಲ್ಲಿ ಸುಮಾರು 60 ಮಂದಿ ಮದ್ಯ ಮುಟ್ಟದವರು, ಈ ಐದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ನಾನು ಆರು ವರ್ಷ ಪಣಜಿಯ ಒಂದು ಹೋಟೆಲಿನ ಬಾರ್‌ನಲ್ಲಿ ಕೆಲಸ ಮಾಡಿ, ಈಗ ಗಂಗಾವತಿಯಲ್ಲಿದ್ದು, ಈ ಭಾಗದ ಮದುವೆ ಮನೆಗಳಲ್ಲಿ ಪಾನೀಯದ ಹೊಣೆ ಹೊರುತ್ತಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಐದರಲ್ಲಿ ಒಂದನ್ನೂ ಉಳಿಸಿಕೊಳ್ಳಬೇಡಿ, ಮತ್ತು ಆಯ್ಕೆಯನ್ನು ಮದ್ಯದಿಂದ ಆರಂಭಿಸಬೇಡಿ. ಕುಡಿಯದ ಆ 60 ಜನರ ಕೈಗೆ ಏನು ಕೊಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಅದು ನಿಶ್ಚಯವಾದ ಮೇಲೆ ಕಾಕ್‌ಟೇಲ್ ತಾನಾಗಿಯೇ ಗೊತ್ತಾಗುತ್ತದೆ.

ಈ ಮಾತನ್ನು ನಾನು ಕಲಿತದ್ದು ಕೊಪ್ಪಳದ ಒಂದು ಮದುವೆಯಲ್ಲಿ. ಅಲ್ಲಿ ಮದ್ಯವಿದ್ದ ಪಾನೀಯಕ್ಕೂ ಇಲ್ಲದ ಪಾನೀಯಕ್ಕೂ ಒಂದೇ ಕೆಂಪು ಬಣ್ಣ, ಒಂದೇ ಎತ್ತರದ ಗಾಜಿನ ಲೋಟ, ಅಂಚಿಗೆ ಸಿಕ್ಕಿಸಿದ ಒಂದೇ ಬಗೆಯ ನಿಂಬೆ ಬಿಲ್ಲೆ. ಕುಡಿಯದವರಿಗೆ ತಾವು ಬೇರೆ ಎನ್ನಿಸಬಾರದೆಂದು ನಾನೇ ಹಾಗೆ ಮಾಡಿಸಿದ್ದೆ. ಬಡಿಸುವ ಹುಡುಗ ಎರಡೂ ತಟ್ಟೆಗಳನ್ನು ಒಂದೇ ಮೇಜಿನ ಮೇಲಿಟ್ಟು ನೀರು ತರಲು ಹೋದಾಗ, ವರನ ಸೋದರತ್ತೆ, ದಿನವೂ ಲಿಂಗಪೂಜೆ ಮುಗಿಯದೆ ಹನಿ ನೀರನ್ನೂ ಮುಟ್ಟದ ಹಿರಿಯರು, ತಮ್ಮ ಕೈಯಾರೆ ಒಂದು ಲೋಟ ಎತ್ತಿಕೊಂಡು ಎರಡು ಗುಟುಕು ಕುಡಿದು ನಿಂತುಬಿಟ್ಟರು. ಬೈಯಲಿಲ್ಲ. ಲೋಟವನ್ನು ಕೆಳಗಿಟ್ಟು, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡು, ‘ಇದರಾಗ ಏನೈತಿ ತಮ್ಮಾ?’ ಎಂದು ಕೇಳಿದರು. ನಾನು ಇದ್ದದ್ದನ್ನು ಹೇಳಿದೆ. ಅವರು ಊಟ ಮಾಡದೆ ಊರಿಗೆ ಹೊರಟರು. ತಪ್ಪು ಹುಡುಗನದಲ್ಲ, ನನ್ನದು. ಅಂದಿನಿಂದ ನಾನು ಎರಡು ಪಾನೀಯಗಳಿಗೆ ಎರಡು ಬಣ್ಣ, ಎರಡು ಆಕಾರದ ಲೋಟ, ಅಂಗಳದ ಎರಡು ತುದಿಯಲ್ಲಿ ಎರಡು ಮೇಜು ಇಲ್ಲದೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಸಿಗ್ನೇಚರ್ ಎಂದರೆ ಗುರುತು ತಾನೇ? ಕೈಯಲ್ಲಿರುವುದು ಏನೆಂದು ಹತ್ತು ಹೆಜ್ಜೆ ದೂರದಿಂದ ಗುರುತು ಸಿಗಬೇಕು.

ಹಾಗಾದರೆ ಮದ್ಯವಿಲ್ಲದ್ದು ಯಾವುದು? ಬಳ್ಳಾರಿಯಲ್ಲಿದ್ದುಕೊಂಡು ಇದಕ್ಕೆ ದೂರ ಹುಡುಕಬೇಕಾಗಿಲ್ಲ. ಸೊಗದೆ ಬೇರಿನ ನನ್ನಾರಿ ಶರಬತ್ತು, ನಿಂಬೆರಸ, ತಣ್ಣನೆಯ ಸೋಡಾ, ಚಿಟಿಕೆ ಉಪ್ಪು. ಬಿಸಿಲಿನಲ್ಲಿ ಬಂದವರಿಗೆ ಇದಕ್ಕಿಂತ ಮೇಲಾದದ್ದನ್ನು ನಾನು ಪಣಜಿಯಲ್ಲೂ ಕಂಡಿಲ್ಲ. ಬೇರಿಗೆ ವೆನಿಲಾವನ್ನು ನೆನಪಿಸುವ ಮಣ್ಣುವಾಸನೆ ಸೇರಿದ ಪರಿಮಳವಿದೆ. ಅಜ್ಜಿಗೂ ಗೊತ್ತು, ಮೊಮ್ಮಗುವಿಗೂ ಹಿಡಿಸುತ್ತದೆ. ಆದರೆ ಬಣ್ಣ ಹಾಕಿದ ಅಗ್ಗದ ಬಾಟಲಿಯನ್ನು ತರಬೇಡಿ. ಗಂಧಿಗೆ ಅಂಗಡಿಯಲ್ಲಿ ಒಣಗಿದ ಬೇರು ಸಿಗುತ್ತದೆ. ಅದನ್ನು ತೊಳೆದು, ಜಜ್ಜಿ, ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಸಿ, ಸೋಸಿದ ನೀರಿಗೆ ಸಕ್ಕರೆ ಹಾಕಿ ಪಾಕ ಮಾಡಿಸಿ. ಬಣ್ಣ ತಿಳಿಗಂದಾಗಿ ಬರುತ್ತದೆ, ನಮಗೆ ಬೇಕಾದದ್ದೂ ಅದೇ. ಇದನ್ನು ಸ್ಟೀಲಿನ ಅಥವಾ ತಾಮ್ರದ ಬಣ್ಣದ ಗಿಡ್ಡ ಲೋಟದಲ್ಲಿ ಕೊಡಿ. ತಾಮ್ರದ್ದೇ ಆದರೆ ಒಳಗೆ ಕಲಾಯಿ ಇರಲೇಬೇಕು, ಏಕೆಂದರೆ ನಿಂಬೆಯ ಹುಳಿ ಬರಿಯ ತಾಮ್ರವನ್ನು ಕರಗಿಸುತ್ತದೆ.

ಇನ್ನು ಕಾಕ್‌ಟೇಲ್. ನಿಮ್ಮ ಪಟ್ಟಿಯಲ್ಲಿರುವವು ಕೆಟ್ಟ ಪಾನೀಯಗಳಲ್ಲ. ಮೇ ತಿಂಗಳ ಬಳ್ಳಾರಿಗೆ, ಅದರಲ್ಲೂ 150 ಜನರ ಕೂಟಕ್ಕೆ, ಅವು ಹೊಂದುವುದಿಲ್ಲ. ಮೊಜಿತೊಗೆ ಪ್ರತಿ ಲೋಟದಲ್ಲೂ ಪುದೀನವನ್ನು ಮೆಲ್ಲಗೆ ಅದುಮಬೇಕು. ನನ್ನ ಕೈಯಲ್ಲಿ ಒಂದಕ್ಕೆ ಎರಡು ನಿಮಿಷ ಹಿಡಿಯುತ್ತದೆ, ಅಂದರೆ 60 ಜನ ಒಟ್ಟಿಗೆ ಬಂದು ನಿಂತರೆ ಕೊನೆಯವರಿಗೆ ಸಿಗುವಷ್ಟರಲ್ಲಿ ಎರಡು ಗಂಟೆ. ಅಷ್ಟರಲ್ಲಿ ಆ ಸೆಕೆಗೆ ಪುದೀನ ಬಾಡಿ ಕಪ್ಪಾಗಿರುತ್ತದೆ. ನೆಗ್ರೋನಿ ಮತ್ತು ಓಲ್ಡ್ ಫ್ಯಾಷನ್ಡ್ ಬಹುಪಾಲು ಮದ್ಯವೇ ಆಗಿರುವ ಪಾನೀಯಗಳು. ಮಿರ್ಚಿ ಬಜ್ಜಿ, ಒಗ್ಗರಣೆ ಮಂಡಕ್ಕಿ ಇರುವ ತಟ್ಟೆಯ ಪಕ್ಕದಲ್ಲಿ ಅವು ನಾಲಿಗೆಯ ಉರಿಯನ್ನು ಹೆಚ್ಚಿಸುತ್ತವೆ, ಮತ್ತು ಬಾಯಾರಿದವರು ಅವನ್ನು ನೀರಿನಂತೆ ಕುಡಿದರೆ ಊಟದ ಹೊತ್ತಿಗೆ ಕೂಟದ ಮರ್ಯಾದೆ ಉಳಿಯುವುದಿಲ್ಲ. ಮಾರ್ಗರಿಟಾಕ್ಕೆ ಬೇಕಾದ ಟಕೀಲಾ ಎಂಬ ಮೆಕ್ಸಿಕೊದ ಮದ್ಯ ದುಬಾರಿ. ಜಿನ್ ಟಾನಿಕ್‌ನ ಕ್ವಿನೈನ್ ಕಹಿ ನಮ್ಮ ಕಡೆಯ ಹಿರಿಯರಿಗೆ ಒಗ್ಗಿದ್ದನ್ನು ನಾನು ಕಂಡದ್ದು ಕಡಿಮೆ.

ನಾನು ಸೂಚಿಸುವುದು ಒಂದೇ ಒಂದು: ದಾಳಿಂಬೆ, ನಿಂಬೆ, ಬ್ರಾಂದಿ. ಗ್ರೆನಡೀನ್ ಎಂದು ಬಾರ್‌ಗಳಲ್ಲಿ ಬಳಸುವ ಕೆಂಪು ಪಾಕ ಮೂಲತಃ ದಾಳಿಂಬೆಯದೇ. ಫ್ರೆಂಚ್ ಭಾಷೆಯಲ್ಲಿ ಗ್ರೆನಾಡ್ ಎಂದರೆ ದಾಳಿಂಬೆ. ಇಂದು ಬಾಟಲಿಯಲ್ಲಿ ಬರುವ ಅನೇಕ ಗ್ರೆನಡೀನ್‌ಗಳಲ್ಲಿ ದಾಳಿಂಬೆಯ ಹನಿಯೂ ಇರುವುದಿಲ್ಲ, ಬಣ್ಣ ಮತ್ತು ಸಕ್ಕರೆ ಮಾತ್ರ. ಪಕ್ಕದ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಬೆಳೆಯುವ ಹಣ್ಣು ಕೈಗೆಟಕುವಾಗ ಬಣ್ಣದ ನೀರನ್ನು ಏಕೆ ಕೊಳ್ಳಬೇಕು? ಸೇಬಿನ ಬ್ರಾಂದಿ, ನಿಂಬೆ ಮತ್ತು ಗ್ರೆನಡೀನ್ ಸೇರಿಸಿ ಮಾಡುವ ಜಾಕ್ ರೋಸ್ ಎಂಬ ಹಳೆಯ ಅಮೆರಿಕನ್ ಕಾಕ್‌ಟೇಲ್ ಇದೆ. ಇದು ಅದರ ತಮ್ಮನಿದ್ದಂತೆ. ಒಂದು ಲೋಟಕ್ಕೆ ದ್ರಾಕ್ಷಿ ಬ್ರಾಂದಿ 45 ಮಿಲಿ, ದಾಳಿಂಬೆ ಪಾಕ 20, ನಿಂಬೆರಸ 20, ಲೋಟದ ತುಂಬ ಮಂಜುಗಡ್ಡೆ, ಮೇಲೆ 60 ಮಿಲಿಯಷ್ಟು ಸೋಡಾ. ಎತ್ತರದ ಗಾಜಿನ ಲೋಟದಲ್ಲಿ ಅದರ ಕೆಂಪು ಸಂಜೆಯ ಬೆಳಕಿಗೆ ಹೊಳೆಯುತ್ತದೆ. ತಿಳಿಗಂದು ಬಣ್ಣದ ನನ್ನಾರಿಯೊಡನೆ ಯಾರಿಗೂ ಗೊಂದಲವಾಗುವುದಿಲ್ಲ.

ಪಾಕದ ವಿಷಯದಲ್ಲಿ ಒಂದು ಎಚ್ಚರಿಕೆ. ದಾಳಿಂಬೆಯನ್ನು ಮಿಕ್ಸಿಗೆ ಹಾಕಬೇಡಿ. ಒಳಗಿನ ಬಿಳಿ ಬೀಜ ಒಡೆದು ರಸ ಮಬ್ಬಾಗುತ್ತದೆ, ಒಗರು ಏರುತ್ತದೆ. ಎಷ್ಟು ಸಕ್ಕರೆ ಸುರಿದರೂ ಆ ಒಗರು ಹೋಗುವುದಿಲ್ಲ. ಕಾಳುಗಳನ್ನು ಬಿಡಿಸಿ, ತೆಳುವಾದ ಬಿಳಿ ಪಂಚೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಅಗಲವಾದ ಪಾತ್ರೆಯಲ್ಲಿ ಅಂಗೈಯಿಂದ ಒತ್ತುತ್ತ ಹಿಂಡಬೇಕು. ಮೊದಲು ಕಾಳು ಒಡೆಯುವ ಸಣ್ಣ ಸದ್ದು ಕೈಗೇ ಗೊತ್ತಾಗುತ್ತದೆ, ಆಮೇಲೆ ಗಂಟು ಮೆತ್ತಗಾಗುತ್ತದೆ, ಕೊನೆಗೆ ಬೀಜ ಮಾತ್ರ ಮರಳಿನಂತೆ ಒರಟಾಗಿ ಉಳಿಯುತ್ತದೆ; ಅಲ್ಲಿಗೆ ನಿಲ್ಲಿಸಿ. ಸಕ್ಕರೆಯನ್ನು ಉಗುರು ಬೆಚ್ಚಗಿನ ರಸದಲ್ಲಿ ಕದಡಿ ಕರಗಿಸಿದರೆ ಸಾಕು. ಕುದಿಸಿದರೆ ಹಣ್ಣಿನ ತಾಜಾತನ ಹೋಗಿ ಜಾಮಿನ ರುಚಿ ಬರುತ್ತದೆ.

ಲೆಕ್ಕ ಹೀಗಿದೆ. ಕುಡಿಯುವ 90 ಜನರಿಗೆ ಸರಾಸರಿ ಒಂದೂವರೆ ಲೋಟದಂತೆ 135 ಲೋಟಗಳಾದರೆ ಬ್ರಾಂದಿ ಆರು ಲೀಟರಿಗೆ ತುಸು ಮೇಲೆ, ಅಂದರೆ 750 ಮಿಲಿಯ ಒಂಬತ್ತು ಬಾಟಲಿ. ನಿಂಬೆರಸ 2.7 ಲೀಟರು, ನಮ್ಮ ಸಣ್ಣ ನಿಂಬೆ 15 ಮಿಲಿ ಕೊಡುತ್ತದೆಂದು ಹಿಡಿದರೆ 180 ಹಣ್ಣು, ಒಣಗಿದವನ್ನು ಕಳೆಯಲು 220 ತರಿಸಿ. ನನ್ನಾರಿಗೆ ಬೇಕಾದ ನಿಂಬೆ ಇದರಲ್ಲಿ ಸೇರಿಲ್ಲ. ಪಾಕವೂ 2.7 ಲೀಟರು ಬೇಕು. ಎರಡು ಲೀಟರು ರಸಕ್ಕೆ ಒಂದೂವರೆ ಕಿಲೊ ಸಕ್ಕರೆ ಹಾಕಿದರೆ ಅಷ್ಟು ಬರುತ್ತದೆ, ಅದಕ್ಕೆ ಆರು ಕಿಲೊ ಹಣ್ಣು ಇರಲಿ. ತಮ್ಮ ವಿಸ್ಕಿ ಸೋಡಾವನ್ನೇ ಬಯಸುವವರು ಇದ್ದೇ ಇರುತ್ತಾರೆ. ಅವರಿಗೆ ಅದನ್ನೇ ಕೊಡಿ, ಬಲವಂತ ಬೇಡ.

ಮಂಜುಗಡ್ಡೆಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಆ ತಿಂಗಳು ಹಗಲಿನ ಸೆಕೆ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಸಂಜೆಯಾದರೂ ಬಂಡೆಗಳು ಕಾವು ಉಗುಳುತ್ತಲೇ ಇರುತ್ತವೆ. ತಲೆಗೆ ಒಂದು ಕಿಲೊದಂತೆ 150 ಕಿಲೊ ಹೆಚ್ಚಲ್ಲ. ಕುಡಿಯುವ ನೀರಿನಿಂದ ಮಾಡಿದ್ದೆಂದು ಖಚಿತಪಡಿಸಿಕೊಂಡೇ ಕೊಳ್ಳಿ. ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿತ್ತು. ಆದರೆ ಬೆಳ್ಳಗಿರುವುದೆಲ್ಲ ಶುದ್ಧವೆಂದು ನಂಬಬೇಡಿ, ಮಾಡುವ ಜಾಗವನ್ನೇ ಹೋಗಿ ನೋಡಿ ಬನ್ನಿ. ಹೊಟ್ಟಿನಲ್ಲಿ ಸುತ್ತಿ ತರುವ ದೊಡ್ಡ ಗಡ್ಡೆಗಳನ್ನು ಬಾಟಲಿ ತಣ್ಣಗಿಡುವುದಕ್ಕೆ ಮಾತ್ರ ಬಳಸಿ.

ಹೆಸರಿನ ಬಗ್ಗೆಯೂ ನನ್ನದೊಂದು ಕೋರಿಕೆಯಿದೆ. ಇಂಗ್ಲಿಷಿನ ಪಂಚ್ ಎಂಬ ಪಾನೀಯದ ಹೆಸರು ನಮ್ಮ ದೇಶದ ಪಂಚ, ಅಂದರೆ ಐದು ಎಂಬ ಪದದಿಂದ ಬಂತೆಂದು ಬಹಳ ಜನ ಒಪ್ಪುತ್ತಾರೆ. ಹುಳಿ, ಸಿಹಿ, ಮಸಾಲೆ, ನೀರು, ಮದ್ಯ ಎಂಬ ಐದು. ನಮ್ಮ ಬೆಲ್ಲದ ಪಾನಕದಲ್ಲಿ ಮದ್ಯವೊಂದನ್ನು ಬಿಟ್ಟು ಉಳಿದ ನಾಲ್ಕೂ ಇವೆಯೆಂದು ಕೆಲವರು ಅದಕ್ಕೆ ರಮ್ ಬೆರೆಸಿ ಪಾನಕವೆಂದೇ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಾನಕ ರಾಮನವಮಿಯ ಪ್ರಸಾದ. ಹಾಗೆಯೇ ದೇವರ, ಗುಡಿಯ, ಶರಣರ ಹೆಸರುಗಳು ಮದ್ಯದ ಲೋಟದ ಹತ್ತಿರವೂ ಸುಳಿಯಬಾರದು. ಕುಷ್ಟಗಿ ಕೆಂಪು ಎನ್ನಿ, ಕೋಟೆ ಸಂಜೆ ಎನ್ನಿ, ತಂಗಿ ಮತ್ತು ಭಾವ ಮೊದಲು ಭೇಟಿಯಾದ ಜಾಗದ ಹೆಸರಿಡಿ. ಚೀಟಿಯಲ್ಲಿ ಹೆಸರಿನ ಕೆಳಗೆ ‘ಇದರಲ್ಲಿ ಬ್ರಾಂದಿ ಇದೆ’ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ.

ಖಾಸಗಿ ತೋಟವಾದರೂ ಮದ್ಯ ಹಂಚಲು ಅಬಕಾರಿ ಇಲಾಖೆಯಿಂದ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಬೇಕು. ಕೊನೆಯ ಗಳಿಗೆಗೆ ಬಿಡದೆ ಮುಂಚಿತವಾಗಿ ಅರ್ಜಿ ಹಾಕಿ. ಗಡಿ ಹತ್ತಿರವೆಂದು ಆಂಧ್ರದಿಂದಾಗಲಿ, ಅಗ್ಗವೆಂದು ಗೋವಾದಿಂದಾಗಲಿ ಬಾಟಲಿ ತರಿಸಬೇಡಿ.

ಮೂರು ವಾರ ಮೊದಲು ಒಂದು ಸಂಜೆ, ಎಸಿ ಕೋಣೆಯಲ್ಲಲ್ಲ, ಅದೇ ತೋಟದಲ್ಲಿ ಕುಳಿತು, ಬಿಸಿ ಮಿರ್ಚಿಯ ಜೊತೆ ಎರಡನ್ನೂ ರುಚಿ ನೋಡಿ. ಮನೆಯಲ್ಲಿ ಮದ್ಯ ಮುಟ್ಟದ ಹಿರಿಯರೊಬ್ಬರಿಗೆ ನನ್ನಾರಿಯ ಲೋಟ ಕೊಟ್ಟು, ಸಿಹಿ ಹುಳಿಯ ಹದವನ್ನು ಅವರ ಬಾಯಿಂದಲೇ ಕೇಳಿ ತಿದ್ದಿಕೊಳ್ಳಿ. ಕಾಕ್‌ಟೇಲಿನ ಹದವನ್ನು ತಂಗಿಗೆ ಬಿಡಿ. ಪಾಕಗಳೆರಡನ್ನೂ ಎರಡು ದಿನ ಮುಂಚೆ ಮಾಡಿ ಫ್ರಿಜ್ಜಿನಲ್ಲಿಡಬಹುದು. ನಿಂಬೆಯನ್ನು ಮಾತ್ರ ಅಂದೇ ಮಧ್ಯಾಹ್ನ ಮೂರರ ನಂತರ ಹಿಂಡಿಸಿ, ಸೋಡಾವನ್ನು ಲೋಟ ಕೈಗೆ ಕೊಡುವ ಮುನ್ನವಷ್ಟೇ ಸುರಿಸಿ.