ಹಿತ್ತಿಲಿನ ಐದು ಬಗೆ ಕೆಸುವಿನಲ್ಲಿ ಒಳ್ಳೆಯ ತಳಿಯನ್ನು ಆರಿಸುವುದು ಹೇಗೆ?

ಐದು ಬಗೆ ಕೆಸು ಇದೆ, ಎತ್ತರ, ದಂಟಿನ ಬಣ್ಣ, ಗೆಡ್ಡೆಯ ತೂಕ ನೋಡಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಕಿತ್ತುಹಾಕಲೇ ಎಂದು ಕೇಳಿದ್ದೀರಿ. ಅಳೆಯಿರಿ, ಆದರೆ ದಯವಿಟ್ಟು ಕೀಳಬೇಡಿ.

ನಾನು ಶಿರಸಿ ಕಡೆಯವನು. ಮೂರು ಮಳೆಗಾಲ ಕೆಸುವನ್ನು ಅಳೆದು ಬರೆದಿಟ್ಟಿದ್ದೇನೆ. ಮೊದಲ ವರ್ಷದ ಲೆಕ್ಕವನ್ನು ಪೂರ್ತಿ ಕೈಬಿಡಬೇಕಾಯಿತು. ಬಚ್ಚಲ ನೀರು ಹರಿಯುವಲ್ಲಿದ್ದ ಕರಿಕೆಸು ಎದೆಯೆತ್ತರ ಬೆಳೆದಿತ್ತು. ಅದರದೇ ಮರಿ ಗುಡ್ಡದಂಚಿನಲ್ಲಿ ಮೊಣಕಾಲು ದಾಟಿರಲಿಲ್ಲ.

ಕೆಸುವನ್ನು ನಾವು ಬೀಜದಿಂದ ಬೆಳೆಸುವುದಿಲ್ಲ, ಗೆಡ್ಡೆಯಿಂದ ಬೆಳೆಸುತ್ತೇವೆ. ಹಾಗಾಗಿ ಒಂದು ಬಗೆಯ ಗಿಡಗಳೆಲ್ಲ ವಂಶಗುಣದಲ್ಲಿ ಒಂದೇ. ಒಂದೇ ಸಾಲಿನಲ್ಲಿ ದಪ್ಪ ಗೆಡ್ಡೆ ಬಿಟ್ಟ ಗಿಡವನ್ನೇ ವರ್ಷವರ್ಷವೂ ಬಿತ್ತನೆಗೆ ಇಟ್ಟರೆ ತಳಿ ಸುಧಾರಿಸುತ್ತದೆ ಎಂದು ನಮ್ಮೂರಿನಲ್ಲಿ ಬಹಳ ಜನ ನಂಬಿದ್ದಾರೆ. ಆ ದಪ್ಪ ಹೆಚ್ಚಾಗಿ ಗೊಬ್ಬರ, ನೀರು, ನೆರಳಿನಿಂದ ಬಂದದ್ದು, ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ಆಯ್ಕೆಗೆ ಅರ್ಥವಿರುವುದು ಬಗೆಬಗೆಗಳ ನಡುವೆ. ಅದಕ್ಕೂ ಎಲ್ಲವೂ ಸಮನಾಗಿರಬೇಕು: 25-30 ಗ್ರಾಂ ತೂಗುವ ಮರಿಗೆಡ್ಡೆಗಳನ್ನೇ ಆರಿಸಿ, 60×45 ಸೆಂ.ಮೀ. ಅಂತರದಲ್ಲಿ ಒಂದೇ ದಿನ ನೆಡಿ. ಕನಿಷ್ಠ ಮೂರು ಮಡಿ ಮಾಡಿ, ಪ್ರತಿ ಮಡಿಯಲ್ಲೂ ಐದೂ ಬಗೆಗಳಿರಲಿ, ಸಾಲಿನ ಕ್ರಮ ಬದಲಾಗುತ್ತಿರಲಿ. ಅಂಚಿನ ಗಿಡಗಳನ್ನು ಅಳೆಯಬೇಡಿ.

ದಂಟಿನ ಬಣ್ಣ, ದಂಟು ಎಲೆಗೆ ಕೂಡುವ ಕಣ್ಣಿನ ಬಣ್ಣ, ಗೆಡ್ಡೆಯ ತಿರುಳಿನ ಬಣ್ಣ ಮಣ್ಣು ಬದಲಾದರೂ ಅಷ್ಟಾಗಿ ಬದಲಾಗುವುದಿಲ್ಲ. ಗುರುತು ಹಿಡಿಯಲು ಅವು ಸಾಕು, ಇಳುವರಿಯನ್ನು ಹೇಳುವುದಿಲ್ಲ. ಇಳುವರಿಗೆ ತಾಯಿಗೆಡ್ಡೆಯನ್ನೂ ಮರಿಗೆಡ್ಡೆಗಳನ್ನೂ ಬೇರೆಬೇರೆ ತೂಗಿ, ಮರಿಗಳನ್ನು ಎಣಿಸಿ. ಕೆಲವು ಬಗೆಗಳಲ್ಲಿ ಒಂದೇ ದೊಡ್ಡ ತಾಯಿಗೆಡ್ಡೆ, ಕೆಲವುಗಳಲ್ಲಿ ಸಣ್ಣ ತಾಯಿಯ ಸುತ್ತ ಮರಿಗಳ ಹಿಂಡು. ಒಟ್ಟು ತೂಕವೊಂದನ್ನೇ ಬರೆದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ನೆಲದ ಮೇಲೆ ಉದ್ದುದ್ದ ಹಂಬು ಹರಿಸುವ ಬಗೆಗಳನ್ನು ಗೆಡ್ಡೆಗಾಗಿ ಬೆಳೆಸಲು ನಾನು ಆರಿಸುವುದಿಲ್ಲ, ಆದರೂ ಅವನ್ನು ಉಳಿಸಿಕೊಂಡಿದ್ದೇನೆ.

ಕಾರಣ ಪೆಸಿಫಿಕ್‌ನ ಸಮೋವಾದಲ್ಲಿದೆ. ಕೆಸುವೇ ಅಲ್ಲಿಯ ಊಟ, ಆಗ ಅದೇ ಮುಖ್ಯ ರಫ್ತೂ ಆಗಿತ್ತು. ರಫ್ತಿಗೆ ಬಹುಪಾಲು 'ನಿಯುಯೆ' ಎಂಬ ಒಂದೇ ತಳಿಯನ್ನು ಬೆಳೆಯುತ್ತಿದ್ದರು: ಇಳುವರಿ ಚೆನ್ನ, ರುಚಿಯೂ ಚೆನ್ನ. 1993ರಲ್ಲಿ ಎಲೆ ಅಂಗಮಾರಿ ಬಂತು, ನಮ್ಮ ಅಡಿಕೆಯ ಕೊಳೆರೋಗವನ್ನು ತರುವ ಫೈಟಾಫ್ತೊರಾ ಕುಲದ್ದೇ ರೋಗಾಣು. ಮರುವರ್ಷಕ್ಕೆ ರಫ್ತು ಹೆಚ್ಚುಕಡಿಮೆ ನಿಂತೇಹೋಯಿತು. ಕೊನೆಗೆ ಪಲಾವು ದ್ವೀಪಗಳ ತಳಿಗಳನ್ನು ತಂದು, ಉಳಿದಿದ್ದ ಸ್ಥಳೀಯ ತಳಿಗಳೊಂದಿಗೆ ಸಂಕರ ಮಾಡಿ ರೋಗ ತಾಳಿಕೊಳ್ಳುವ ಹೊಸ ಕೆಸುವನ್ನು ಕಟ್ಟಬೇಕಾಯಿತು. ನಮ್ಮಲ್ಲಿ ಗೆಡ್ಡೆ ಬೆಳೆಗಳ ಸುಧಾರಣೆ ನಡೆಯುವುದು ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ಕೇಂದ್ರ ಸಂಸ್ಥೆಯಲ್ಲಿ. ಅಲ್ಲಿಯ ಕೆಲಸಕ್ಕೂ ಇಂಥ ಹಿತ್ತಿಲಿನ ಬಗೆಗಳೇ ಮೂಲ. ಆದ್ದರಿಂದ ಜಡಿಮಳೆಯ ವಾರಗಳಲ್ಲಿ ಯಾವ ಬಗೆಯ ಎಲೆಗಳಲ್ಲಿ ಎಷ್ಟು ಚುಕ್ಕೆ ಬಂತು ಎಂಬುದನ್ನು ತಪ್ಪದೆ ಬರೆಯಿರಿ. ತೂಕದಲ್ಲಿ ಕೊನೆಗೆ ನಿಂತದ್ದು ಇಲ್ಲಿ ಮೊದಲು ಬರಬಹುದು.

ಇನ್ನೊಂದು ಅಂಕಣ ತುರಿಕೆಯದ್ದು. ನಮ್ಮ ಮನೆಯಲ್ಲಿ ಅದನ್ನು ಅಮ್ಮ ತುಂಬಿಸುತ್ತಾಳೆ: ಪ್ರತಿಯೊಂದು ಬಗೆಯ ಗೆಡ್ಡೆಯನ್ನೂ ಒಂದೇ ಹೊತ್ತು ಚೆನ್ನಾಗಿ ಬೇಯಿಸಿ, ಹುಣಸೆ ಸೋಕಿಸದೆ ಒಂದು ಚೂರು ಬಾಯಿಗಿಟ್ಟು ನೋಡಿ.